ಮಾವನವರ ಮೊಳಕಾಲ ಕೆಳಗಿನ ಚಿರತೆ

ಇಂಡಿ ಊರಿನ ನಿಂಬೆ ತೋಟದ ಮನೆಯಿಂದ ಸಿಂದಗಿಗೆ ಸೊಸೆಯಾಗಿ ಬಂದ ಮೊದಲ ವಾರದಲ್ಲಿ ಅತ್ತೆ ನನಗೆ ಒಪ್ಪಿಸಿದ ಕೆಲಸ ರೊಟ್ಟಿ ಬಡಿಯುವುದಲ್ಲ, ಚಿರತೆಗೆ ಬಿಸಿಲು ತೋರಿಸುವುದು. ರೊಟ್ಟಿಯ ವಿಷಯದಲ್ಲಿ ಅವರಿಗೆ ನನ್ನ ಮೇಲೆ ಇನ್ನೂ ನಂಬಿಕೆ ಇರಲಿಲ್ಲ.

ಚಿರತೆ ಅಂದರೆ ಚರ್ಮ. ತಲೆ ಇರಲಿಲ್ಲ, ಬಾಲ ಇತ್ತು. ಮಾವನವರು ದಿನಾ ಎರಡು ಹೊತ್ತು ಅದರ ಮೇಲೆ ಕುಳಿತು ಲಿಂಗಪೂಜೆ ಮಾಡುತ್ತಿದ್ದರು. ಸೋಮವಾರ ಬೆಳಗಿನ ಪೂಜೆ ಮುಗಿಸಿ ಅವರು ಕಾಳುಕಡ್ಡಿಯ ಅಡತಿ ಅಂಗಡಿಗೆ ಹೋದ ಮೇಲೆ ನಾನು ಅದನ್ನು ಸುತ್ತಿ ಹೆಗಲಿಗೆ ಹಾಕಿಕೊಂಡು ನಿಚ್ಚಣಿಕೆ ಹತ್ತಿ ಮಾಳಿಗೆಗೆ ಒಯ್ಯಬೇಕು. ಜೋಳದ ತವುಡನ್ನು ರೊಟ್ಟಿ ಹಂಚಿನ ಮೇಲೆ ಕೈ ತಾಳುವಷ್ಟು ಬೆಚ್ಚಗೆ ಮಾಡಿ, ಕೂದಲಿನೊಳಗೆ ಉಜ್ಜಬೇಕು. ತವುಡು ವಾರದ ಎಣ್ಣೆ, ಧೂಳು, ಚೆಲ್ಲಿದ ವಿಭೂತಿ ಎಲ್ಲವನ್ನೂ ಹೀರಿಕೊಳ್ಳುತ್ತದೆ. ಆಮೇಲೆ ಬಾಲದ ಕಡೆ ಎತ್ತಿ ಹಿಡಿದು ಜಾಡಿಸಬೇಕು. ನೀರು ಮಾತ್ರ ಸೋಕಿಸಬಾರದು. ನೀರು ಬಿದ್ದರೆ ಚರ್ಮ ಹಪ್ಪಳದ ಹಾಗೆ ಸೆಟೆದುಕೊಂಡು ಕೂದಲು ಕೈಗೆ ಬರುತ್ತದೆ ಎಂದು ಅತ್ತೆ ಎಚ್ಚರಿಸಿದ್ದರು. ಮಳೆಗಾಲದಲ್ಲಿ ಒಣ ಬೇವಿನ ಎಲೆ, ತಂಬಾಕಿನ ಕಡ್ಡಿ ಹಾಕಿ ಸುತ್ತಿಡುವುದು. ಹೀಗೆ ಕೂಸಿನ ಹಾಗೆ ನೋಡಿಕೊಂಡಿದ್ದರಿಂದಲೇ ಅದು ಅಷ್ಟು ವರ್ಷ ಬಾಳಿತ್ತು.

ಮೊದಲ ಸಲ ಕೈಯಾಡಿಸಿದಾಗ ನನಗೆ ಆಶ್ಚರ್ಯವಾಯಿತು. ದೂರದಿಂದ ರೇಷ್ಮೆ ಅನ್ನಿಸುವ ಬೆನ್ನಿನ ಕೂದಲು ಗಿಡ್ಡ, ಬಿರುಸು. ಕುತ್ತಿಗೆಯಿಂದ ಬಾಲದ ಕಡೆ ಸವರಿದರೆ ಕೈ ಜಾರುತ್ತದೆ, ತಿರುಗಿ ಸವರಿದರೆ ಕೊಯ್ದ ಜೋಳದ ಹೊಲದಲ್ಲಿ ಬರಿಗಾಲಲ್ಲಿ ನಡೆದ ಹಾಗೆ ಚುಚ್ಚುತ್ತದೆ. ಹೊಟ್ಟೆಯ ಕಡೆಯದು ಬೇರೆಯೇ ಪ್ರಾಣಿಯದೇನೋ ಅನ್ನುವಂತೆ ಉದ್ದ, ಬಿಳಿ, ಮೆತ್ತಗೆ. ಮಚ್ಚೆಗಳನ್ನು ನಾನು ಕರಿ ಬೊಟ್ಟು ಅಂದುಕೊಂಡಿದ್ದೆ. ಹತ್ತಿರದಿಂದ ನೋಡಿದರೆ ಒಂದೊಂದೂ ಬೆರಳ ತುದಿಗಳನ್ನು ಮಸಿಯಲ್ಲಿ ಅದ್ದಿ ಒಟ್ಟಿಗೆ ಊರಿದ ಹಾಗೆ ಒಂದು ಉಂಗುರ, ನಡುವೆ ಸ್ವಲ್ಪ ಗಾಢ ಬಂಗಾರ ಬಣ್ಣ. ಬೆನ್ನ ಮೂಳೆಯ ಗುಂಟ ಮಾತ್ರ ಅವು ಸಾಲಾಗಿ ಕೂಡಿಕೊಂಡಿದ್ದವು. ಕೆಳಗಡೆ ಕೆಂಪು ಬನಾತು ಬಟ್ಟೆಯ ಅಸ್ತರು, ಅಂಚಿಗೆ ಹಲ್ಲು ಹಲ್ಲಾಗಿ ಕತ್ತರಿಸಿದ ಕರಿ ಪಟ್ಟಿ.

ಇಷ್ಟು ವರ್ಷ ಸತ್ತಿದ್ದರೂ ಓಣಿಯ ಪ್ರಾಣಿಗಳಿಗೆ ಅದು ಸತ್ತಿರಲಿಲ್ಲ. ಗಾಳಿ ಪಡುವಣದಿಂದ ಬೀಸುವ ದಿನ ನಾನು ಮಾಳಿಗೆಯ ಮೇಲೆ ಜಾಡಿಸಿದರೆ ಪಕ್ಕದ ಮನೆಯ ಎಮ್ಮೆ ಹಾಲನ್ನು ಮೇಲಕ್ಕೆ ಎಳೆದುಕೊಂಡುಬಿಡುತ್ತಿತ್ತು. ಪಕ್ಕದ ಮನೆಯ ಕಾಕು ತಂಬಿಗೆ ಹಿಡಿದು ಅಂಗಳದಲ್ಲಿ ನಿಂತು ಮೇಲೆ ನೋಡಿ ಕೂಗುವರು.

“ಏ ಇಂಡೀ ಹುಡುಗಿ, ನಿಮ್ಮ ಮಾವನ ಚಿರತಿ ನಮ್ಮ ಎಮ್ಮೀನ ಹೆದರಸಾಕತ್ತೈತಿ ನೋಡು! ಇವತ್ತಿನ ಚಾಕ್ಕ ಹಾಲು ನೀವಽ ಕೊಡ್ರಿ!”

“ಕಾಕು, ಅದು ಸತ್ತು ಎಷ್ಟೋ ವರ್ಷ ಆಗೇತ್ರಿ.”

“ನನಗ ಗೊತ್ತೈತಿ ಬಿಡವಾ. ಎಮ್ಮಿಗೆ ಹೇಳು ಬಾ.”

ಆ ಚಿರತೆಯನ್ನು ಕೊಂದವರು ಮಾವನವರು. ಹಾಗಂತ ಸಿಂದಗಿಗೆಲ್ಲ ಗೊತ್ತಿತ್ತು, ಯಾಕೆಂದರೆ ಮಾವನವರೇ ಹೇಳಿದ್ದರು. ಬೀಗರು ಬಂದರೆ, ತೊಗರಿ ಹಾಕಲು ಬಂದ ರೈತರು ಬಂದರೆ, ಹಬ್ಬಕ್ಕೆ ಯಾರೇ ಬಂದರೆ ಅವರ ಕಣ್ಣು ಮೊದಲು ಹೋಗುತ್ತಿದ್ದುದು ಪಡಸಾಲೆಯ ಗೂಟಕ್ಕೆ ತೂಗಿದ ಚಿರತೆಯ ಮೇಲೆ. ಅವರು ಕೇಳುವ ಮೊದಲೇ ಮಾವ ಗಂಟಲು ಸರಿಮಾಡಿಕೊಳ್ಳುವರು. ನಾನು ಬಂದ ವರ್ಷ ಅವರು ಅದನ್ನು ಮುದ್ದೇಬಿಹಾಳದ ಕಡೆಯ ಕಲ್ಲುಗುಡ್ಡದಲ್ಲಿ ಕೊಡಲಿಯಿಂದ ಹೊಡೆದಿದ್ದರು. ಮರುವರ್ಷದ ಹೊತ್ತಿಗೆ ಕೊಡಲಿಯ ಅಲಗು ಕಳಚಿ ಬರೀ ಬಡಿಗೆ ಉಳಿದಿತ್ತು. ನನ್ನ ಮೈದುನನಿಗೆ ಹೆಣ್ಣು ಕೊಡುವವರು ನೋಡಲು ಬಂದ ದಿನ ಬಡಿಗೆಯೂ ಹೋಗಿ, ಮಾವ ಎಡಗೈಗೆ ಧೋತರದ ಸೆರಗು ಸುತ್ತಿಕೊಂಡು ಅದರ ಬಾಯಿಗೇ ಕೈ ಹಾಕಿದರು. ಬೀಗರು ಚಹಾದ ಬಸಿ ಹಿಡಿದವರು ಹಿಡಿದಂತೆಯೇ ಕುಳಿತರು.

ಇಂಥ ಹೊತ್ತಿನಲ್ಲಿ ಅತ್ತೆ ಅಡಿಗೆ ಮನೆಯ ಬಾಗಿಲಲ್ಲಿ ಕುಳಿತು ತೊಗರಿ ಬೇಳೆ ಆರಿಸುತ್ತಿರುತ್ತಿದ್ದರು. ಬಾಯಿಗೆ ಕೈ ಹಾಕಿದ ದಿನ ಮಾತ್ರ ಮೊರ ಕೆಳಗಿಟ್ಟು ನನ್ನ ಕಡೆ ತಿರುಗಿ, “ಮುಂದಿನ ವರ್ಷ ಇವ್ರು ಅದನ್ನ ಬೈದಽ ಕೊಲ್ತಾರ ನೋಡು,” ಎಂದರು.

ನಿಜ ಏನೆಂದು ಅವರು ನನಗೆ ಹೇಳಿದ್ದು ಒಂದು ಮಧ್ಯಾಹ್ನ, ನಾವಿಬ್ಬರೂ ಶಾವಿಗೆ ಹೊಸೆಯುತ್ತ ಕುಳಿತಾಗ. ಮುದ್ದೇಬಿಹಾಳ ಅತ್ತೆಯ ತವರೂರು. ಅಲ್ಲಿ ಕುರುಬರ ಹಟ್ಟಿಗೆ ನುಗ್ಗಿ ಕುರಿ ಒಯ್ಯುತ್ತಿದ್ದ ಚಿರತೆಯೊಂದನ್ನು ಆ ಕುರುಬರೇ ಕೂಡಿ ಹೊಡೆದರಂತೆ. ಅದನ್ನು ಬಿದಿರಿಗೆ ಕಟ್ಟಿ ಊರೂರು ಮೆರೆಸಿ ಕಾಳು ಬೆಲ್ಲ ಇಸಿದುಕೊಳ್ಳುತ್ತ ಅತ್ತೆಯ ಅಪ್ಪನ ಮನೆ ಮುಂದೆಯೂ ಬಂದರು. ಅತ್ತೆಯ ಅಪ್ಪ ಅವರಿಗೆ ಒಂದು ಚೀಲ ಜೋಳ ಅಳೆದು ಕೊಟ್ಟು ಚರ್ಮ ತೆಗೆದುಕೊಂಡರು, ಹದ ಮಾಡಿಸಿದರು, ಮಗಳ ಮದುವೆಯಲ್ಲಿ ತಾಮ್ರದ ಹಂಡೆ, ಎರಡು ಕೌದಿಗಳ ಜೊತೆ ಅದನ್ನೂ ಕೊಟ್ಟು ಕಳಿಸಿದರು.

“ನಂದು ಅದು,” ಎಂದರು ಅತ್ತೆ. “ಹಂಡೆ ನಿಂದು ಅಂತಾರ. ಕೌದಿ ನಿಂದು ಅಂತಾರ. ಇದೊಂದ ಅವರದಾಗೇತಿ.”

“ನೀವು ಏನೂ ಅನ್ಲಿಲ್ರ್ಯಾ?”

“ಏನನ್ನಲಿ? ಮದುವಿಯಾದ ಮರುದಿನ ಪೂಜಾಕ್ಕ ಹಾಕ್ಕೊಂಡ್ರು. ಶಿವಪೂಜಾಕ್ಕ ಕುಂತವರನ್ನ ಏಳ್ರಿ ಅನ್ನಾಕ ಬರ್ತೈತೇನ? ಒಂದಿನಾ ಯಾರೋ ಬಂದು, ನೀವ ಹೊಡದ್ರೇನ್ರಿ ಅಂತ ಕೇಳಿದ್ರು. ಇವ್ರು ಹ್ಞೂ ಅನ್ಲಿಲ್ಲ, ಹ್ಞಾ ಅನ್ಲಿಲ್ಲ, ಸುಮ್ನ ನಕ್ರು. ಅಲ್ಲಿಂದ ಸುರು ಆತು.”

ಹೇಳುವಾಗ ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಶಾವಿಗೆಯ ಎಳೆ ಮಾತ್ರ ಎಂದಿಗಿಂತ ತೆಳ್ಳಗೆ ಬರುತ್ತಿತ್ತು. ಅವರಿಗೆ ಚರ್ಮ ಬೇಕಾಗಿರಲಿಲ್ಲ, ಕುಳಿತುಕೊಳ್ಳುವವರು ಕುಳಿತುಕೊಳ್ಳಲಿ. “ಇದು ನನ್ನ ಹೆಂಡತಿ ತವರಿಂದ ಬಂದದ್ದು” ಎಂಬ ಒಂದು ಮಾತು ನಾಲ್ಕು ಜನರ ಮುಂದೆ ಗಂಡನ ಬಾಯಿಂದ ಬರಬೇಕಾಗಿತ್ತು. ಅವರ ಅಪ್ಪ ತೀರಿಹೋಗಿದ್ದರು. ಆ ಹೆಸರು ಈ ಪಡಸಾಲೆಯಲ್ಲಿ ಒಂದು ಸಲವಾದರೂ ಕೇಳಿಸಬೇಕು ಎಂಬುದು ಅವರ ಆಸೆ.

ಹಾಗೆಂದು ಅವರು ಸುಮ್ಮನೆ ಕೂತಿರಲೂ ಇಲ್ಲ. ಚಿರತೆಯನ್ನು ಗಂಡ ಬಹಿರಂಗವಾಗಿ ತೆಗೆದುಕೊಂಡಿದ್ದರೆ ಅವರು ಗುಟ್ಟಾಗಿ ಹಂಚುತ್ತಿದ್ದರು.

ನಮ್ಮ ಕಡೆ ಕೂಸು ನಿದ್ದೆಯಲ್ಲಿ ಬೆಚ್ಚಿದರೆ, ಹಾಸಿಗೆಯಲ್ಲಿ ಉಚ್ಚೆ ಹೊಯ್ದುಕೊಂಡರೆ, ಕತ್ತಲೆಗೆ ಅಂಜಿದರೆ ಚಿರತೆಯ ಕೂದಲನ್ನು ತಾಯತದಲ್ಲಿ ಹಾಕಿ ತೋಳಿಗೆ ಕಟ್ಟುತ್ತಾರೆ. ಚಿರತೆ ಯಾರಿಗೂ ಅಂಜುವುದಿಲ್ಲ, ಆದ್ದರಿಂದ ಅದರ ಕೂದಲು ಇರುವ ಕೂಸೂ ಅಂಜುವುದಿಲ್ಲ ಎಂಬುದು ಲೆಕ್ಕ. ಸಿಂದಗಿಯಲ್ಲಿ ಇದ್ದದ್ದು ಒಂದೇ ಚಿರತೆ. ಮಾವ ಅಂಗಡಿಗೆ ಹೋದ ಮೇಲೆ ಹಿತ್ತಲ ಬಾಗಿಲಿಂದ ತಾಯಂದಿರು ಬರುತ್ತಿದ್ದರು. ಅತ್ತೆ ಚರ್ಮವನ್ನು ಗೂಟದಿಂದ ಇಳಿಸಿ, ಎಡತೊಡೆಯ ಜಾಗದಿಂದ ಒಂದು ಕೂದಲು ಕಿತ್ತು ಕೆಂಪು ಚಿಂದಿಯಲ್ಲಿ ಸುತ್ತಿ ಕೊಡುವರು. ರೊಕ್ಕ ಮುಟ್ಟುತ್ತಿರಲಿಲ್ಲ. ಬಂದವಳು ಕುಳಿತು ಒಂದು ಗಳಿಗೆ ಮಾತಾಡಿ ಹೋಗಬೇಕು, ಅಷ್ಟೇ. ಹೊಸ್ತಿಲು ದಾಟದೆಯೂ ಅತ್ತೆಗೆ ಬಸ್‌ಸ್ಟ್ಯಾಂಡಿನ ಹೋಟೆಲಿನಿಂದ ಹಿಡಿದು ಆಲಮೇಲದ ಕಬ್ಬಿನ ಗಾಡಿಗಳ ತನಕ ಸುದ್ದಿಯೆಲ್ಲ ಗೊತ್ತಿರುತ್ತಿದ್ದದ್ದು ಹೀಗೆ.

ಎಡತೊಡೆಯೇ ಯಾಕೆ ಎಂದು ನಾನು ಕೇಳಿದ್ದೆ.

“ನಿಮ್ಮ ಮಾವ ಪದ್ಮಾಸನ ಹಾಕಿದ್ರ ಎಡ ಮೊಳಕಾಲು ಬರೋಬರಿ ಅಲ್ಲೇ ಬರ್ತೈತಿ,” ಎಂದರು. “ಅವ್ರು ಮುಂದ ನೋಡ್ತಾರ, ತೆಳಗ ನೋಡಂಗಿಲ್ಲ.”

ಆದರೆ ಅಂಜುಬುರುಕ ಕೂಸುಗಳು ಊರಲ್ಲಿ ಕಡಿಮೆ ಇರಲಿಲ್ಲ. ನಾನು ಬಂದ ಕಾಲಕ್ಕೆ ಅಲ್ಲಿ ಅಂಗೈಯಗಲ ಬೋಳಾಗಿತ್ತು. ತವುಡು ಉಜ್ಜುವಾಗ “ಅಲ್ಲಿ ಜೋರ ತಿಕ್ಕಬ್ಯಾಡವಾ, ಇದ್ದಿದ್ದೂ ಹೋದಾವು” ಎಂದು ಅತ್ತೆ ಮಾಳಿಗೆಯ ಬೆಳಕಿಂಡಿಯಿಂದ ಕೂಗಿ ಹೇಳುತ್ತಿದ್ದರು. ಒಂದು ಸಲ ಮಾವನಿಗೆ ಅಂಚಿನಲ್ಲಿ ಕೂದಲು ಉದುರಿದ್ದು ಕಾಣಿಸಿತು. ಹುಳ ಬಿದ್ದಿದೆ ಎಂದು ಡಾಂಬರು ಗುಳಿಗೆ ತಂದರು. ವಾರವೆಲ್ಲ ಪಡಸಾಲೆ ನಾರಿತು. ಅತ್ತೆ ಮೂಗಿಗೆ ಸೆರಗು ಹಿಡಿದು, “ಹುಳಾ ಭಾಳ ಶಾಣ್ಯಾ ಇರಬೇಕ್ರಿ, ಒಂದ ಕಡೆ ತಿಂದೈತಿ” ಎಂದರು.

ನನ್ನ ಗಂಡ ಆಲಮೇಲದ ಸಾಲೆಯಲ್ಲಿ ಮಾಸ್ತರರು. ಬೆಳಗಿನ ಬಸ್ಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವವರು. ಆದ್ದರಿಂದ ಈ ಪ್ರಕರಣದಲ್ಲಿ ಅವರ ಪಾಲು ಉಂಡು ಮಲಗಿದ್ದು ಮಾತ್ರ.

ಹೀಗಿರುವಾಗ ವಿಜಾಪುರದಿಂದ ನಾದಿನಿಯ ಗಂಡ ಬಂದರು. ಅವರು ಸರಕಾರಿ ಕಚೇರಿಯಲ್ಲಿ ಕಾರಕೂನರು. ಊಟಕ್ಕೆ ಕುಳಿತವರು ಗೂಟದ ಕಡೆ ನೋಡಿ, “ಮಾವಾರ, ಸರಕಾರದವ್ರು ಹೊಸಾ ಕಾಯ್ದೆ ಮಾಡ್ಯಾರ. ಹುಲಿ ಚಿರತಿ ಹೊಡೆಯೂದು ಬಂದ್. ಹೊಡದ್ರ ಜೇಲು,” ಎಂದರು.

ಮಾವನವರ ತುತ್ತು ಅರ್ಧದಲ್ಲೇ ನಿಂತಿತು.

“ಹಳೇದಕ್ಕ ಏನೂ ಮಾಡಂಗಿಲ್ರಿ,” ಎಂದು ಅಳಿಯಂದಿರು ಸಮಾಧಾನವಾಗಿಯೇ ಮುಂದುವರಿಸಿದರು. “ಮನ್ಯಾಗ ಇದ್ದವ್ರು ಜಂಗಲ್ ಖಾತೆಯವರಿಗೆ ತಿಳಿಸಬೇಕು. ಯಾರದು, ಎಲ್ಲಿಂದ ಬಂತು, ಖರೇ ಹೇಳಿದ್ರ ಆತು.”

ಆದರೆ ಮಾವ ಜೇಲು ಎಂಬಲ್ಲಿಗೇ ಕೇಳುವುದನ್ನು ನಿಲ್ಲಿಸಿದ್ದರು. ಮಜ್ಜಿಗೆ ಕುಡಿಯದೆ ಎದ್ದರು.

ಅವರ ಕಷ್ಟ ನೋಡಿ. ಅಷ್ಟು ವರ್ಷ ಬೆವರು ಸುರಿಸಿ ಊರನ್ನು ನಂಬಿಸಿದ್ದರು. ಈಗ ಅದೇ ಊರು ಸಾಕ್ಷಿಯಾಗಿ ನಿಂತಿತ್ತು. ಮರುದಿನದಿಂದ ಅವರು ಕಥೆಯನ್ನು ಹಿಂದಕ್ಕೆ ತೆಗೆದುಕೊಳ್ಳಲು ಹೊರಟರು. ಚಿರತೆಯನ್ನು ಗೂಟದಿಂದ ಇಳಿಸಿ ಕಂಬಳಿಯಲ್ಲಿ ಸುತ್ತಿ ಧಾನ್ಯದ ಹಗೇವಿನ ಪಕ್ಕದ ಕತ್ತಲ ಕೋಣೆಯಲ್ಲಿ ಇಟ್ಟರು. ಪೂಜೆಗೆ ಮಾತ್ರ ಹೊರಗೆ ಬರುತ್ತಿತ್ತು, ಬಾಗಿಲು ಮುಂದೆ ಮಾಡಿಕೊಂಡು. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಯಾರೋ ಚಿರತೆಯ ಮಾತು ತೆಗೆದದ್ದಕ್ಕೆ, “ಎಲ್ಲಿ ಚಿರತಿಪಾ! ಅದು ಬಣ್ಣಾ ಹಾಕಿದ ಬಟ್ಟಿ” ಎಂದರಂತೆ. ಅಲ್ಲಿದ್ದ ಹಮಾಲರ ಮುಖಂಡ ಬಿಡಲಿಲ್ಲವಂತೆ.

“ಹಂಗಾರ ಧಣ್ಯಾರ, ಅವತ್ತು ಬಟ್ಟೀ ಬಾಯಾಗ ಕೈ ಹಾಕಿದ್ರೇನ್ರಿ?”

ಈ ಸುದ್ದಿ ಅತ್ತೆಗೆ ಮಾವ ಮನೆಗೆ ಬರುವ ಮೊದಲೇ ಮುಟ್ಟಿತ್ತು. ಆದರೂ ಅವರು ರಾತ್ರಿಯ ಊಟ ಬಡಿಸುತ್ತ ಏನೂ ಅರಿಯದವರಂತೆ, “ಇವತ್ತು ಹೋಟೆಲಿನ್ಯಾಗ ಏನ್ ವಿಶೇಷ ಇತ್ರೀ?” ಎಂದರು.

“ಏನೂ ಇಲ್ಲ.”

“ಬಟ್ಟೀ ಧಾರಣಿ ಹೆಂಗೈತ್ರಿ?”

ಮಾವ ತಟ್ಟೆ ನೋಡುತ್ತ ಊಟ ಮುಗಿಸಿದರು. ಕೈ ತೊಳೆದು ಬಂದು ದನಿ ಇಳಿಸಿ, “ನೋಡು, ಯಾರರ ಬಂದು ಕೇಳಿದ್ರ, ನಮ್ಮ ತವರಿಂದ ಬಂದೈತಿ ಅಂತ ನೀ ಹೇಳಿಬಿಡು,” ಎಂದರು.

ಅತ್ತೆ ಕಣ್ಣು ದೊಡ್ಡದು ಮಾಡಿದರು. “ಅಯ್ಯ, ನಾ ಸುಳ್ಳು ಹೆಂಗ ಹೇಳ್ಲಿರಿ? ನೀವು ಹೊಡದದ್ದು ಇಡೀ ಸಿಂದಗಿಗೆ ಗೊತ್ತೈತಿ. ಕೊಡಲಿಲೆ ಹೊಡದ್ರಿ, ಬಡಗೀಲೆ ಹೊಡದ್ರಿ, ಕೈಲೆ...”

“ಸಾಕ ಸಾಕು.”

“ಬೇಕಂದ್ರ ನೀವಽ ಹೇಳ್ರಿ. ಹೆಂಡತಿ ತವರಿಂದು ಅನ್ರಿ. ಮಂದಿ ಮುಂದ ಅನ್ರಿ. ನಾ ಹೌದೌದು ಅಂತೇನಿ.”

ಮಾವನಿಗೆ ಅದು ಜೇಲಿಗಿಂತ ಕಷ್ಟದ್ದು. ಎರಡು ದಿನ ಯೋಚಿಸಿ ಬೇರೆ ದಾರಿ ಹುಡುಕಿದರು. ಬಸವನ ಬಾಗೇವಾಡಿಯ ಹತ್ತಿರ ನಮ್ಮ ಮನೆತನದವರು ನಡೆದುಕೊಳ್ಳುವ ಮಠ ಇತ್ತು. ಚಿರತೆಯನ್ನು ಅಲ್ಲಿಯ ಸ್ವಾಮಿಗಳಾದ ಅಜ್ಜಾರಿಗೆ ಗದ್ದುಗೆಗೆ ಹಾಸಲು ಕೊಟ್ಟುಬಿಡುವುದು. ಮಠಕ್ಕೆ ಬಂದು ಯಾರು ಕೇಳುತ್ತಾರೆ? ಪುಣ್ಯಕ್ಕೆ ಪುಣ್ಯ, ಜೇಲಿನ ಭಯವೂ ಇಲ್ಲ, ಕಥೆಯನ್ನು ಬದಲಿಸುವ ಗೋಜೂ ಇಲ್ಲ. ಬಾಗೇವಾಡಿಗೆ ತೊಗರಿ ಒಯ್ಯುವವರ ಕೈಯಲ್ಲಿ ಮಠಕ್ಕೆ ಮಾತು ಕಳಿಸಿಯೂ ಆಯಿತು. ಮುಂದಿನ ವಾರ ತಂದು ಒಪ್ಪಿಸುತ್ತೇನೆ ಅಂತ.

ಅತ್ತೆಗೆ ಇದು ಗೊತ್ತಾದ ದಿನ ಅವರು ಯಾರನ್ನೂ ಚುಡಾಯಿಸಲಿಲ್ಲ. ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಲೇ ಇದ್ದರು. ಬುಟ್ಟಿ ತುಂಬಿದರೂ ಬಡಿದರು. ನಾನು “ಸಾಕ್ರಿ ಅತ್ತೀ, ಇಷ್ಟು ಯಾರು ತಿಂತಾರ?” ಎಂದೆ.

“ನನ್ನ ಕೇಳದಽ ಕೊಟ್ರು,” ಎಂದರು. “ನಮ್ಮಪ್ಪ ಕೊಟ್ಟದ್ದು, ನನ್ನ ಕೇಳದಽ.”

ಆಮೇಲೆ ಕೈಗೆ ಅಂಟಿದ ಹಿಟ್ಟು ಉದುರಿಸಿ, “ಜಂಗಲ್ ಖಾತೆಯ ಗಾರ್ಡನ ಹೆಂಡತಿ ಮೊನ್ನಿ ಬಂದಿದ್ಲಲ್ಲ, ಎಲ್ಲಿ ಮನಿ ಮಾಡ್ಯಾರ ಅವ್ರು?” ಎಂದು ಕೇಳಿದರು.

ಹೌದು, ಬಂದಿದ್ದಳು. ಹೊಸದಾಗಿ ವರ್ಗವಾಗಿ ಬಂದವರು, ಹಿಂದಿನ ಓಣಿಯಲ್ಲಿ ಬಾಡಿಗೆಗೆ ಇದ್ದರು. ಅವಳ ಕೂಸು ನಿದ್ದೆಯಲ್ಲಿ ಚೀರುತ್ತಿತ್ತು. ಕೂದಲಿಗಾಗಿ ಎಲ್ಲರಂತೆ ಹಿತ್ತಲ ಬಾಗಿಲಿಗೆ ಬಂದಿದ್ದಳು, ಆ ಹೊತ್ತಿಗೆ ಮಾವ ಮನೆಯಲ್ಲಿದ್ದುದರಿಂದ ಅತ್ತೆ ಇನ್ನೊಂದು ದಿನ ಬಾ ಎಂದು ಕಳಿಸಿದ್ದರು. ನಾನು ಮನೆ ತೋರಿಸಲು ಹೋದೆ. ಅತ್ತೆ ಅವರ ಅಂಗಳದಲ್ಲಿ ನಿಂತು ಆಕೆಗೆ ಹೇಳಿದ್ದನ್ನು ನಾನು ಈ ಕಿವಿಯಿಂದಲೇ ಕೇಳಿದೆ.

“ನೋಡವಾ ತಂಗಿ, ನಿನ್ನ ಕೂಸಿಂದು ಸಣ್ಣ ಅಂಜಿಕಿ ಅಲ್ಲ. ಇದಕ್ಕ ಕೂದಲಾ ತಾಯಿ ಕೈಯಾಗ ಕೊಡಾಕ ಬರಂಗಿಲ್ಲ. ಅಪ್ಪ ಬರಬೇಕು. ಸೋಮವಾರ ಮುಂಜಾನಿ, ಪೂಜಾ ಹೊತ್ತಿಗೆ. ಕೆಲಸಕ್ಕ ಹೋಗೂ ಅರಿವ್ಯಾಗಽ ಬರಬೇಕು ಮತ್ತ. ಮುಂದಿನ ಬಾಗಲಾಗಿಂದ.”

ತಿರುಗಿ ಬರುವಾಗ ನಾನು, “ಅತ್ತೀ, ಈ ಪದ್ಧತಿ ನಾ ಎಲ್ಲೂ ಕೇಳಿಲ್ರಿ,” ಎಂದೆ.

“ನಾನೂ ಕೇಳಿಲ್ಲ ಬಿಡು,” ಎಂದರು.

ಸೋಮವಾರ ಬಂತು. ಮಾವ ಸ್ನಾನ ಮಾಡಿ, ಹಣೆಗೂ ಎದೆಗೂ ತೋಳಿಗೂ ವಿಭೂತಿ ಬಳಿದುಕೊಂಡು, ಬರಿಮೈಯಲ್ಲಿ ಚಿರತೆಯ ಮೇಲೆ ಕುಳಿತರು. ಎಡ ಅಂಗೈಯಲ್ಲಿ ಲಿಂಗ. ಬಾಗಿಲು ಮುಂದೆ ಮಾಡಲು ನನಗೆ ಹೇಳಿದ್ದರು. ನಾನು ಮುಂದೆ ಮಾಡಿದ್ದೆ. ಅತ್ತೆ ಹಿಂದಿನಿಂದ ಬಂದು ಅಂಗಳ ಗುಡಿಸುವ ನೆಪದಲ್ಲಿ ಮತ್ತೆ ತೆರೆದರು. ಕೂಸಿನ ಅಂಜಿಕೆ ಬಿಡಿಸುವುದನ್ನು ನೋಡಲು ಓಣಿಯ ಹೆಂಗಸರು ಒಬ್ಬೊಬ್ಬರೇ ಕಟ್ಟೆಗೆ ಬಂದು ಸೇರಿದ್ದರು. ಎಮ್ಮೆಯ ಕಾಕು ಎಲ್ಲರಿಗಿಂತ ಮುಂದೆ.

ಬಾಗಿಲಲ್ಲಿ ಖಾಕಿ ಅಂಗಿ, ಖಾಕಿ ಚಡ್ಡಿ, ಪಟ್ಟಿ, ಟೊಪ್ಪಿಗೆ ಎಲ್ಲವನ್ನೂ ತೊಟ್ಟು ಗಾರ್ಡ ನಿಂತಿದ್ದ. ಹಿಂದೆ ಸೆರಗಿನ ಮರೆಯಲ್ಲಿ ಕೂಸನ್ನು ಹೊತ್ತ ಹೆಂಡತಿ.

“ಯಜಮಾನ್ರು ಅದಾರೇನ್ರಿ?” ಎಂದ.

ಮಾವ ಕಣ್ಣು ತೆರೆದರು. ಪೂಜೆಯ ನಡುವೆ ಏಳುವ ಹಾಗಿಲ್ಲ, ಮಾತಾಡುವ ಹಾಗಿಲ್ಲ, ಅಂಗೈಯಲ್ಲಿ ಲಿಂಗ ಇರುವಾಗ ಕೆಳಗಿನದನ್ನು ಮುಚ್ಚುವುದಂತೂ ಆಗದ ಮಾತು. ಅವರು ಧೋತರವನ್ನು ಬಲಗೈಯಿಂದ ಆದಷ್ಟು ಅಗಲಕ್ಕೆ ಹರಡಿದರು. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಮಚ್ಚೆ ಹೊರಗೆ ಬರುತ್ತಿತ್ತು. ಬಾಲವಂತೂ ಗಾರ್ಡನ ಕಡೆಗೇ ಚಾಚಿಕೊಂಡಿತ್ತು.

ಗಾರ್ಡ ಒಂದು ಹೆಜ್ಜೆ ಒಳಗಿಟ್ಟ. “ಚಿರತೀದಽ ಕೆಲಸಾ ಇತ್ರಿ,” ಎಂದ.

ಅಷ್ಟು ಸಾಕಾಯಿತು.

“ನಂದಲ್ರೀ ಇದು!” ಮಾವನವರ ದನಿ ಓಣಿಯ ಆ ತುದಿಗೆ ಕೇಳಿಸುವಷ್ಟು ಎದ್ದಿತು. “ದೇವ್ರ ಆಣೆ, ನಂದಲ್ಲ! ಶಿವಪೂಜಾದಾಗ ಕುಂತು ಹೇಳ್ತೇನಿ. ಇದು ನನ್ನ ಹೆಂಡತೀದು. ಆಕೀ ತವರಿಂದು, ಮುದ್ದೇಬಿಹಾಳದ್ದು. ನಮ್ಮ ಮಾವ, ಆಕೀ ತಂದಿ, ಮದುವ್ಯಾಗ ಕೊಟ್ಟದ್ದು. ಕುರುಬರು ಹೊಡದದ್ರಿ, ಅವರೂ ಕುರಿ ಸಲುವಾಗಿ ಹೊಡದ್ರು. ನಾ ಹುಟ್ಟಿದಾಗಿಂದ ಒಂದ ಮೊಲಾ ಸೈತ ಹೊಡದಿಲ್ರಿ!”

ಕಟ್ಟೆಯ ಮೇಲೆ ಎಮ್ಮೆಯ ಕಾಕು ಬಾಯಿಗೆ ಸೆರಗು ತುರುಕಿಕೊಂಡರು.

ಗಾರ್ಡ ಗಾಬರಿಯಾಗಿ ಹೆಂಡತಿಯ ಮುಖ ನೋಡಿದ. “ಅಲ್ರೀ ಯಜಮಾನ್ರ, ಅದೇನೂ ಕೇಳಾಕ ಬಂದಿಲ್ರಿ ನಾ. ಕೂಸು ಅಂಜತೈತಿ. ಒಂದ ಕೂದಲಾ ಕೊಡ್ತೇನಿ ಅಂದಿದ್ರು ಅವ್ವಾರು.”

ಮಾವ ಅತ್ತೆಯ ಕಡೆ ತಿರುಗಿದರು. ಅತ್ತೆ ಆಗಲೇ ಕೆಂಪು ಚಿಂದಿ ಹಿಡಿದುಕೊಂಡು ಅವರ ಪಕ್ಕಕ್ಕೆ ಬಂದು ಕುಕ್ಕರುಗಾಲಲ್ಲಿ ಕುಳಿತಿದ್ದರು. ಮುಖ ಗಂಭೀರ.

“ಸ್ವಲ್ಪ ಮೊಳಕಾಲ ಎತ್ರಿ,” ಎಂದರು.

“ಆಂ?”

“ಎಡಗಡೀದು. ಕೂದಲಾ ಅಲ್ಲಿಂದಽ ತಗೀಬೇಕು.”

ಮಾವ ಮೊಳಕಾಲು ಎತ್ತಿದರು. ಬೋಳು ಜಾಗ ಬೆಳಕಿಗೆ ಬಂತು, ಈಗ ಅಂಗೈಗಿಂತ ಸ್ವಲ್ಪ ದೊಡ್ಡದೇ ಆಗಿತ್ತು. ಅವರು ಅದನ್ನು ನೋಡಿದರು. ಕಟ್ಟೆಯ ಮೇಲಿನ ಹೆಂಗಸರನ್ನು ನೋಡಿದರು, ಅವರ ಸೊಂಟದ ಮೇಲಿದ್ದ ಕೂಸುಗಳ ತೋಳಿನ ತಾಯತಗಳನ್ನು ಒಂದೊಂದಾಗಿ ನೋಡಿದರು. ಮತ್ತೆ ಕೆಳಗೆ ನೋಡಿದರು.

“ಹುಳಾ,” ಎಂದರು ಮೆಲ್ಲಗೆ.

“ಹ್ಞೂ, ಅದಽ ಹುಳಾ,” ಎಂದು ಅತ್ತೆ ಅಂಚಿನಿಂದ ಒಂದು ಕೂದಲು ಕಿತ್ತು ಚಿಂದಿಯಲ್ಲಿ ಸುತ್ತಿ ಗಾರ್ಡನ ಕೈಗೆ ಕೊಟ್ಟರು. “ಮೊಳಕಾಲ ಇಳಸ್ರಿ ಇನ್ನ. ಪೂಜಾ ಮುಗಸ್ರಿ.”

ಗಾರ್ಡ ಒಳ್ಳೆಯವನು. ಹೋಗುವ ಮುಂಚೆ, ಇಟ್ಟುಕೊಳ್ಳಲು ಅಡ್ಡಿ ಇಲ್ಲ, ಯಾರದು ಎಲ್ಲಿಂದ ಬಂತು ಎಂದು ತಮ್ಮ ಸಾಹೇಬರ ಕಚೇರಿಗೆ ತಿಳಿಸಿಬಿಡಿ, ಈಗ ಎಲ್ಲರ ಮುಂದೆ ಹೇಳಿದಿರಲ್ಲ, ಅಷ್ಟೇ ಹೇಳಿದರಾಯಿತು ಎಂದ. ಮುಂದೆ ಅಳಿಯಂದಿರು ಅದನ್ನು ಅತ್ತೆಯ ಹೆಸರಿನಲ್ಲೇ ತಿಳಿಸಿ ಬಂದರು.

ಆ ದಿನ ಮಾವ ಅಂಗಡಿಗೆ ಹೋಗಲಿಲ್ಲ. ಕಟ್ಟೆಯ ಮೇಲೂ ಕೂರಲಿಲ್ಲ. ಮಧ್ಯಾಹ್ನ ಅತ್ತೆ ಚಹಾ ಕೊಟ್ಟಾಗ ಬಸಿಗೆ ಸುರಿದುಕೊಂಡು ಊದುತ್ತಾ, “ಊರ ಮಂದಿ ಮುಂದ ನನ್ನ ಹಿಂಗ ಮಾಡಿದ್ಯಲ್ಲ,” ಎಂದರು.

“ಹೇಳಿದ್ರಾಗ ಸುಳ್ಳೇನರ ಇತ್ತೇನ್ರಿ?”

ಮಾವ ಬಹಳ ಹೊತ್ತು ಊದಿದರು. “ಇಲ್ಲ,” ಎಂದರು. ಆಮೇಲೆ, “ಮಠಕ್ಕ ಮಾತು ಕೊಟ್ಟೇನಿ. ಈಗ ಏನಂತ ಹೇಳ್ಲಿ?” ಎಂದು ಕೇಳಿದರು. ಮದುವೆಯಾದಾಗಿಂದ ಚಿರತೆಯ ವಿಷಯದಲ್ಲಿ ಅವರು ಅತ್ತೆಯನ್ನು ಕೇಳಿದ ಮೊದಲ ಪ್ರಶ್ನೆ ಅದು.

“ನೀವೇನ್ ಹೇಳಬ್ಯಾಡ್ರಿ. ನಾ ಬರ್ತೇನಿ, ನಾ ಹೇಳ್ತೇನಿ.”

ಹೀಗೆ ನಾವು ಮೂವರೂ ಬಸವನ ಬಾಗೇವಾಡಿಗೆ ಹೊರಟೆವು. ನಾನು ರೊಟ್ಟಿಯ ಗಂಟು ಹಿಡಿಯಲು. ಅತ್ತೆ ಕುರುಬರ ಸಂತೆಯಿಂದ ಒಂದು ಹೊಸ ಕರಿ ಕಂಬಳಿ ತರಿಸಿದ್ದರು. ಉಣ್ಣೆಯ ಹಸಿ ವಾಸನೆಯೂ ಹುಣಸೆಬೀಜದ ಗಂಜಿಯ ಬಿರುಸೂ ಇನ್ನೂ ಹೋಗಿರಲಿಲ್ಲ. ಅದು ಮಾವನವರ ತೊಡೆಯ ಮೇಲೆ. ಬಸ್ಸು ಕುಲುಕಿದಾಗಲೆಲ್ಲ ಅದರ ಅಂಚು ಅವರ ಗದ್ದಕ್ಕೆ ಚುಚ್ಚುತ್ತಿತ್ತು, ಅವರು ಸರಿಸಿಕೊಳ್ಳುತ್ತಿದ್ದರು. ಕಂಡಕ್ಟರ ಪರಿಚಯದವನು. “ಏನ್ರಿ ಧಣ್ಯಾರ, ಕಂಬಳ್ಯಾಗ ಚಿರತಿ ಸುತಗೊಂಡು ಹೊಂಟೀರೇನ?” ಎಂದ. ಅತ್ತೆ, “ನಮ್ಮ ಚಿರತಿ ಮನ್ಯಾಗ ಐತಪಾ, ನೀ ಟಿಕೇಟ ಹರಿ,” ಎಂದರು.

ಮಠದಲ್ಲಿ ಅಜ್ಜಾರು ಬೇವಿನ ಮರದ ಕೆಳಗೆ ಬರಿ ಹಲಗೆಯ ಮೇಲೆ ಕುಳಿತಿದ್ದರು. ಆಗಲೇ ಚಿರತೆ ಬರುತ್ತದೆಂದು ಸುದ್ದಿ ಹಬ್ಬಿ ಹತ್ತೆಂಟು ಜನ ಕೂಡಿದ್ದರು. ಮಾವ ಅಡ್ಡಬಿದ್ದು ಎದ್ದವರು ಒಂದು ಬದಿಗೆ ಸರಿದು ನಿಂತರು. ಅತ್ತೆ ತಲೆಯ ಸೆರಗು ಸರಿಮಾಡಿಕೊಂಡರು. ಹೊಸ್ತಿಲಾಚೆ ದನಿ ಎತ್ತಿ ಮಾತಾಡಿದ ರೂಢಿ ಅವರಿಗಿರಲಿಲ್ಲ.

“ಅಜ್ಜಾರ, ಅಪ್ಪಣಿಯಾದ್ರ ಒಂದ ಮಾತ್ರಿ. ಇವ್ರು ಮಠಕ್ಕ ಚಿರತಿ ಕೊಡ್ತೇನಿ ಅಂತ ಹೇಳಿ ಕಳಿಸಿದ್ರು. ಅದು ಇವರದಲ್ರಿ, ನಂದು. ನಮ್ಮಪ್ಪ ಕೊಟ್ಟದ್ದು. ನನಗ ಕೊಡಾಕ ಮನಸಿಲ್ರಿ.”

ಕೂಡಿದವರು ಮಾವನ ಕಡೆ ನೋಡಿದರು. ಮಾವ ಕಂಬಳಿ ಹಿಡಿದು ನಿಂತಿದ್ದರು. ಎದೆಯ ಮಟ್ಟದವರೆಗೂ ಕಂಬಳಿ, ಅದರ ಮೇಲೆ ಮುಖ.

“ಹೌದ್ರಿ ಅಜ್ಜಾರ,” ಎಂದರು. “ಆಕೀದು.”

ಖಾಕಿ ಯಾರೂ ತೊಟ್ಟಿರಲಿಲ್ಲ ಅಲ್ಲಿ. ಅತ್ತೆ ಒಂದು ಕ್ಷಣ ಗಂಡನನ್ನೇ ನೋಡಿದರು, ಅದನ್ನು ಅವರು ನಿರೀಕ್ಷಿಸಿರಲಿಲ್ಲ ಎಂದು ನನಗೆ ಕಂಡಿತು.

ಅಜ್ಜಾರು ನಕ್ಕರು. “ಬಿಡವಾ ತಾಯಿ, ಪಾರಾದೆ ನಾನೂ. ಆ ಕೂದಲಾ ಚುಚ್ಚತಾವಂತ ಹೇಳ್ತಾರ. ಕೈಯಾಗಿಂದು ಏನದು, ಕಂಬಳಿಯೇನು? ತಾ ಇಲ್ಲೆ, ಚಳಿಗಾಲ ಬರಾಕತ್ತೈತಿ.” ಹಲಗೆಯಿಂದ ಎದ್ದು ತಾವೇ ಅದನ್ನು ಹಾಸಿಕೊಂಡು ಕುಳಿತರು. ಕುಳಿತ ಮೇಲೆ ಮುಖ ಸ್ವಲ್ಪ ಹಿಂಡಿದರು. ಹೊಸ ಕಂಬಳಿಯೂ ಚುಚ್ಚುತ್ತದೆ.

ಹೊರಗೆ ಬಂದಾಗ ಬಿಸಿಲು ನೆತ್ತಿಗೇರಿತ್ತು. ರೊಟ್ಟಿಯ ಗಂಟನ್ನು ನಾನು ಬಸ್ಸಿನಲ್ಲೇ ಮರೆತು ಇಳಿದಿದ್ದೆ ಎಂಬುದು ಆಗ ಗೊತ್ತಾಯಿತು. ಅತ್ತೆ ಬೈಯಲಿಲ್ಲ. ಬಾಗೇವಾಡಿಯ ಬಸ್‌ಸ್ಟ್ಯಾಂಡಿನ ಎದುರು ಖಾನಾವಳಿ ಇತ್ತು. ಅತ್ತೆ ಜೀವಮಾನದಲ್ಲಿ ಖಾನಾವಳಿಯ ಮೆಟ್ಟಿಲು ಹತ್ತಿದವರಲ್ಲ, ಗಂಡ ಉಣ್ಣದೆ ಉಂಡವರೂ ಅಲ್ಲ. ಅಲ್ಲಿ ಒಂದೇ ಮೇಜು ಖಾಲಿ ಇತ್ತು. ಮೂವರೂ ಅದಕ್ಕೇ ಕೂರಬೇಕಾಯಿತು. ತಟ್ಟೆಗಳು ಒಟ್ಟಿಗೇ ಬಂದವು. ಅತ್ತೆ ಕೈ ಮಡಿಲಲ್ಲಿಟ್ಟುಕೊಂಡು ಮಾವ ಮೊದಲ ತುತ್ತು ಎತ್ತಲೆಂದು ಕಾದರು.

ಮಾವ ಎತ್ತಲಿಲ್ಲ. ಶೇಂಗಾ ಹಿಂಡಿಯ ಚಟ್ನಿ ಬಟ್ಟಲನ್ನು ಅತ್ತೆಯ ಕಡೆ ಸರಿಸಿ, ಬಾಗಿಲಾಚೆ ನಿಂತ ಬಸ್ಸನ್ನು ನೋಡುತ್ತ, “ಉಣ್ಣು,” ಎಂದರು.